ಕಸದ ಪ್ಲಾಸ್ಟಿಕ್‌ನಿಂದ ಎಣ್ಣಿ: ಹುಬ್ಬಳ್ಳಿಗೆ ಆಗಿಬರೂದೇನು?

ಗೋಕುಲ ರೋಡ್ ಫಿಟ್ಟರ್: ಬ್ಯಾಸಗಿ ಬಂತಂದ್ರ ಕಾರವಾರ ರೋಡಿನ ಕಸದ ಗುಡ್ಡಕ್ಕ ಬೆಂಕಿ, ಊರ ತುಂಬ ಹೊಗಿ. ಅದೇ ಪ್ಲಾಸ್ಟಿಕ್ ಗಾಳಿ ಹೋಗದಂಥ ಕಬ್ಬಿಣದ ರಿಯಾಕ್ಟರಿನ್ಯಾಗ 400ರಿಂದ 500 ಡಿಗ್ರಿಗೆ ಕಾಸಿದ್ರ ಉರಿಯೂದಿಲ್ಲ, ಅದರ ಉದ್ದನ್ನ ಸರಪಳಿ ತುಂಡಾಗಿ ಆವಿ ಆಗ್ತದ. ಆವಿ ತಣಿಸಿದ್ರ ಎಣ್ಣಿ. ತಣಿದ್ರೂ ಎಣ್ಣಿ ಆಗದ ಗ್ಯಾಸ್ ಅದೇ ಒಲಿಗೆ ಬಿಟ್ರ ಉರುವಲ ಖರ್ಚು ಉಳೀತದ. ನಮ್ಮೂರಾಗೇ ಡೀಸೆಲ್! ಹಿಂಗ ಗಾಳಿ ಇಲ್ಲದಂಗ ಕಾಸೂ ಪೈರೋಲಿಸಿಸ್ ಘಟಕ ಯಾಕ ಬ್ಯಾಡ ಹೇಳ್ರಿ.

ಧಾರವಾಡ ಕೆಮಿಸ್ಟ್ರಿ: "ಡೀಸೆಲ್" ಅನಬ್ಯಾಡ್ರಿ. ಕ್ಯಾರಿಬ್ಯಾಗಿನ ಪಾಲಿಎಥಿಲೀನ್ ಸರಪಳಿ ಎಲ್ಲೆಂದ್ರಲ್ಲಿ ಕಡೀತದ, ಪೆಟ್ರೋಲಿನಂಥ ಹಗುರ ಭಾಗದಿಂದ ಮೇಣದ ತನಕ ಎಲ್ಲಾ ಕೂಡೇ ಬರ್ತದ. ಹಗುರ ಭಾಗದಿಂದಾಗಿ ಫ್ಲ್ಯಾಶ್ ಪಾಯಿಂಟ್, ಅಂದ್ರ ಎಣ್ಣಿ ಆವಿಗೆ ಕಿಡಿ ಹತ್ತೂ ಉಷ್ಣತೆ, ಕೆಳಗ ಬೀಳ್ತದ. ಭಾರತದ ಮಾನಕ ಐಎಸ್ 1460 ಪ್ರಕಾರ ಡೀಸೆಲ್‌ಗೆ ಅದು ಕನಿಷ್ಠ 35 ಡಿಗ್ರಿ ಇರಬೇಕು. ಈ ಎಣ್ಣಿ ಬಟ್ಟಿ ಇಳಿಸದೇ ಪಂಪ್‌ಸೆಟ್ಟಿಗೆ ಹಾಕಿದ್ರ ಮೇಣ ಫಿಲ್ಟರಿನ್ಯಾಗ ಕಟ್ಟಿಕೊಳ್ತದ. ಇನ್ನ ಪೈಪಿನಂಥ ಪಿವಿಸಿ ಹೊಕ್ಕರ ಅದರ ಕ್ಲೋರಿನ್ನಿಂದ ಆಮ್ಲ ಆಗಿ ಘಟಕಾನ ಹೋತು.

ಗೋಕುಲ ರೋಡ್ ಫಿಟ್ಟರ್: "ಘಟಕಾನ ಹೋತು" ಅಂತ ಹೆದರಿಸಬ್ಯಾಡ್ರಿ. ಒಂದು ತೊಟ್ಟಿ ನೀರು ಸಾಕು. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ತೇಲ್ತಾವ, ಪಿವಿಸಿ ಮುಳುಗ್ತದ. ಮುಗೀತು.

ಗದಗ ಗುಜರಿ: "ಮುಳುಗ್ತದ" ಅಂದ್ರ ಮುಗೀತೇನು? ನೀರಿನ ಬಾಟ್ಲಿ ಕತ್ತರಿಸಿ ಹಾಕ್ರಿ: ಮುಚ್ಚಳ ತೇಲ್ತದ, ಬಾಟ್ಲಿ ಚೂರು ತಳ ಸೇರ್ತದ. ಬಾಟ್ಲಿಯ ಪೆಟ್, ಪಿವಿಸಿ ಎರಡರ ಸಾಂದ್ರತಾನೂ ಹೆಚ್ಚುಕಮ್ಮಿ 1.38. ಬ್ಯಾರೆ ಮಾಡಾಕ ತಾಮ್ರದ ತಂತಿನೇ ಬೇಕು. ತಂತಿ ತುದಿ ಕೆಂಪಗ ಕಾಸಿ, ಚೂರಿಗೆ ಒತ್ತಿ, ಅಂಟಿದ್ದನ್ನ ಮತ್ತ ಗ್ಯಾಸ್ ಉರಿಗೆ ಹಿಡೀರಿ. ಉರಿ ಹಸಿರಾತು ಅಂದ್ರ ಕ್ಲೋರಿನ್ ಅದ. ನೆರಳಿನ್ಯಾಗ ನೋಡ್ರಿ, ಬಿಸಿಲಿಗೆ ಹಸಿರು ಕಾಣೂದಿಲ್ಲ. ಹೊಗಿ ಮೂಗಿಗೆ ತಗೋಬ್ಯಾಡ್ರಿ.

ಗೋಕುಲ ರೋಡ್ ಫಿಟ್ಟರ್: ಟನ್‌ಗಟ್ಟಲೆ ಕಸಕ್ಕ ಒಂದೊಂದು ಚೂರು ತಂತಿಗೆ ಹಚ್ಚಕೋತ ಕೂಡೂದೇನ್ರಿ? ಮುಳುಗಿದ್ದೆಲ್ಲಾ ಹೊರಗ. ಎರಡೂ ನಮಗ ಬ್ಯಾಡ.

ಗದಗ ಗುಜರಿ: "ಎರಡೂ ಬ್ಯಾಡ" ಅಂದ್ರ ಕೊಳ್ಳಾವರು ಯಾರು? ಪೆಟ್ ಬ್ಯಾರೆ ಇದ್ರ ರೇಟ್ ಅದ. ಅದರಾಗ ಸ್ವಲ್ಪ ಪಿವಿಸಿ ಸೇರಿದ್ರೂ ಕರಗಿಸುವಾಗ ಮಾಲೆಲ್ಲಾ ಹಳದಿ, ಕಂದಾಗಿ ಕೆಡ್ತದ.

ಹಾವೇರಿಯವ: ಜಾತ್ರಿ, ಚುನಾವಣೆ ಫ್ಲೆಕ್ಸ್ ಬ್ಯಾನರ್ ಮರೀಬ್ಯಾಡ್ರಿ, ಅದು ಪಾಲಿಸ್ಟರ್ ಬಟ್ಟಿ ಮ್ಯಾಲ ಪಿವಿಸಿ ಲೇಪ. ಮುದ್ದಿ ಮಾಡಿ ನೀರಿಗೆ ಒಗದ್ರ ಒಳಗ ಗಾಳಿ ಸಿಕ್ಕೊಂಡು ತೇಲ್ತದ. ನಿಮ್ಮ ತೊಟ್ಟಿ ಅದನ್ನ ಒಳ್ಳೇ ಮಾಲು ಅಂತ ರಿಯಾಕ್ಟರಿಗೆ ಕಳಸ್ತದ.

ಗೋಕುಲ ರೋಡ್ ಫಿಟ್ಟರ್: ಗಾಳಿ ಸಿಕ್ಕೊಳ್ಳೂದು ಕತ್ತರಿಸದಿದ್ರ ಮಾತ್ರ. ಶ್ರೆಡ್ಡರಿನ್ಯಾಗ 10–20 ಮಿ.ಮೀ. ಚೂರು ಮಾಡಿ, ನೀರಿಗೆ ಸ್ವಲ್ಪ ಸೋಪು ಹಾಕಿ ಕಲಕಿದ್ರ ಗುಳ್ಳಿ ಬಿಡ್ತದ. ಅಷ್ಟಾದ್ರೂ ತಪ್ಪಿಸ್ಕೊಂಡು ಬಂದ ಪಿವಿಸಿಯ ಆಮ್ಲ ಹಿಡಿಯಾಕ ಸುಣ್ಣ ಅದ. ಮೊದಲು 300 ಡಿಗ್ರಿಗೆ ತಡದು ನಿಲ್ಲಸ್ರಿ, ಆಮ್ಲದ ಆವಿ ಮುಂಚೇನ ಹೊರಗ ಬರ್ತದ, ಕಾಸ್ಟಿಕ್ ಸೋಡಾ ನೀರಿನ್ಯಾಗ ಹಾಯಿಸ್ರಿ.

ಧಾರವಾಡ ಕೆಮಿಸ್ಟ್ರಿ: ಸುಣ್ಣ ಪೂರ್ತಿ ಹಿಡಿಯೂದಿಲ್ಲ. ಪಿವಿಸಿ ತೂಕದಾಗ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ದುರ್ಗದ ಬೈಲ್ ಮಾರ್ಕೆಟ್ಟಿನ ಹಸಿ ಕ್ಯಾರಿಬ್ಯಾಗಿನ ತೇವ ಅದರ ಆಮ್ಲದ ಆವಿಗೆ ಕೂಡಿ, ಆವಿ ತಣಿಸೂ ಕಂಡೆನ್ಸರಿನ್ಯಾಗ ಹೈಡ್ರೋಕ್ಲೋರಿಕ್ ಆಮ್ಲ ಇಳೀತದ. ನಿಮ್ಮ ಕಬ್ಬಿಣ ಬಿಡ್ರಿ, 316 ಸ್ಟೇನ್‌ಲೆಸ್ಸೂ ಅದಕ್ಕ ತಡಿಯೂದಿಲ್ಲ. ಪೆಟ್ ಹೊಕ್ಕರ ಟೆರೆಫ್ತಾಲಿಕ್ ಆಮ್ಲದ ಬಿಳಿ ಪುಡಿ ಪೈಪಿನ್ಯಾಗ ಗಟ್ಟಿಯಾಗಿ ದಾರಿ ಮುಚ್ಚಿ ಒತ್ತಡ ಏರ್ತದ.

ಹಾವೇರಿಯವ: ಒತ್ತಡಕ್ಕಿಂತ ರಿಯಾಕ್ಟರಿನ ಬಾಗಿಲದ ಮಾತು ಆಡ್ರಿ ಮೊದಲು. ಒಳಗಿನ ಕರಿ ಪುಡಿ ಪೂರ್ತಿ ಆರೂ ತನಕ ಬಾಗಿಲ ತಗೀಬಾರದು. ಬಿಸಿ ಇದ್ದಾಗ ತಗದ್ರ ಗಾಳಿ ಹೊಕ್ಕು ಭಗ್ ಅಂತ ಹತ್ತತದ, ಗ್ಯಾಸ್ ಉಳದಿದ್ರ ಸ್ಫೋಟ. ಕಾಸೂ ಮೊದಲೂ, ತಗಿಯೂ ಮೊದಲೂ ನೈಟ್ರೋಜನ್ ಹಾಯಿಸಬೇಕು. ಮನಷ್ಯಾರ ಜೀವ ಹೋಗೂದು ಅಲ್ಲೇ. ಅದನ್ನ ಯಾರೂ ಕೇಳವಲ್ರಿ.

ಗೋಕುಲ ರೋಡ್ ಫಿಟ್ಟರ್: ಗುಜರಿ ಅಣ್ಣಾರ, ನಿಮ್ಮ ತಂತಿನೂ ನಂಬೂಹಂಗಿಲ್ಲ. ಹಳೇ ಟಿವಿ ಡಬ್ಬಿ ಬೆಂಕಿ ಹತ್ತಬಾರದಂತ ಬ್ರೋಮಿನ್ ಸೇರಿಸಿರ್ತಾರ. ಅದಕ್ಕೂ ಹಸಿರೇ ಬರ್ತದ, ಅದರಾಗ ಪಿವಿಸಿ ಎಲ್ಲಿಂದ ಬಂತು?

ಗದಗ ಗುಜರಿ: ಬ್ರೋಮಿನ್ ಎಣ್ಣಿಗೆ ಹೊಕ್ಕರ ಒಳ್ಳೇದೇನ್ರಿ? ಅದೂ ಒಳಗ ಹೋಗಬಾರದ ಮಾಲೇ. ತಂತಿ ಹಸಿರು ತೋರಿಸಿದ್ದು ಸರಿನೇ ಅದ.