ಅಸರ್ಟ್ ಫೇಲ್ ಆದಾಗ ಡೀಬಗರ್ ಹೆಲ್ಪರ್ ಒಳಗೆ ಹೋಗಿ ನಿಲ್ತಿದೆ, ಕರೆದ ಲೈನಲ್ಲೇ ನಿಲ್ಲಿಸೋದು ಹೇಗೆ?

ಪ್ರಶ್ನೆ

ಸಿ ಪ್ಲಸ್ ಪ್ಲಸ್ ಕೋಡು, ಲಿನಕ್ಸಲ್ಲಿ ಜಿಡಿಬಿ ಅನ್ನೋ ಡೀಬಗರ್. ಅಸರ್ಟ್ ಥರ ನಾವೇ ಬರ್ಕೊಂಡಿರೋ ಚೆಕ್ ಫಂಕ್ಷನ್ ಒಂದಿದೆ, ಅದೇ ಆ ಹೆಲ್ಪರ್, ಕಂಡೀಷನ್ ಸುಳ್ಳಾದ್ರೆ ಮೆಸೇಜ್ ಪ್ರಿಂಟ್ ಮಾಡಿ ಪ್ರೋಗ್ರಾಂ ನಿಲ್ಲಿಸೋ ಅಬಾರ್ಟ್ ಕರೆಯುತ್ತೆ. ಫೇಲ್ ಆದಾಗೆಲ್ಲ ಜಿಡಿಬಿ ಹೋಗಿ ಲಿಬ್‌ಸಿ (ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ) ಒಳಗೆಲ್ಲೋ ನಿಂತಿರುತ್ತೆ, ಅಲ್ಲಿಂದ ಕರೆದವರ ಕಡೆ ಹೋಗೋಕೆ ಅಪ್ ಅಪ್ ಅಂತ ಹೊಡೀತಾ ಹೊಡೀತಾ ನನ್ನ ಲೈನಿಗೆ ಬರೋಷ್ಟರಲ್ಲಿ ಏನು ನೋಡ್ಬೇಕು ಅಂತಿದ್ನೋ ಅದೇ ಮರ್ತೋಗಿರುತ್ತೆ. ಸ್ಕಿಪ್ ಕಮಾಂಡಲ್ಲಿ ಆ ಫಂಕ್ಷನ್ ಹೆಸರು ಕೊಟ್ಟು ನೋಡ್ದೆ, ಏನೂ ಬದಲಾಗ್ಲಿಲ್ಲ. ಯಾರಾದ್ರೂ ದಾರಿ ಹೇಳ್ತೀರಾ?

ಉತ್ತರ 1

ಸ್ಕಿಪ್ ಇರೋದು ನೀವು ಒಂದೊಂದೇ ಲೈನ್ ಸ್ಟೆಪ್ ಹೊಡೆಯುವಾಗ ಮಾತ್ರ, ಸಿಗ್ನಲ್ ಬಂದಾಗ ಎಲ್ಲಿ ನಿಲ್ಬೇಕು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಪ್ರೋಗ್ರಾಂ ಎಲ್ಲಿ ಟ್ರ್ಯಾಪ್ ಆಗುತ್ತೋ, ಅಂದ್ರೆ ತಾನೇ ನಿಂತು ಡೀಬಗರ್‌ಗೆ ಬಿಟ್ಕೊಡುತ್ತೋ, ಡೀಬಗರ್ ಅಲ್ಲೇ ನಿಲ್ಲೋದು, ಹಾಗಾಗಿ ಆ ಟ್ರ್ಯಾಪನ್ನೇ ಕರೆದವರ ಕೋಡಿಗೆ ಎತ್ಕೊಂಡು ಬನ್ನಿ. ಫಂಕ್ಷನ್ ಮೆಸೇಜ್ ಪ್ರಿಂಟ್ ಮಾಡಿ ಟ್ರೂನೋ ಫಾಲ್ಸೋ ವಾಪಸ್ ಕೊಡ್ಲಿ ಸಾಕು, ಅದರ ಸುತ್ತ ಒಂದು ಮ್ಯಾಕ್ರೋ ಬರೆದು ಫಾಲ್ಸ್ ಬಂದ್ರೆ ಮ್ಯಾಕ್ರೋನೇ ಟ್ರ್ಯಾಪ್ ಮಾಡ್ಲಿ. ಮ್ಯಾಕ್ರೋ ಬಿಚ್ಕೊಳ್ಳೋದು ನಿಮ್ಮ ಲೈನಲ್ಲೇ ಅಲ್ವಾ, ನಿಲ್ಲೋದೂ ಅಲ್ಲೇ.

ಟ್ರ್ಯಾಪ್ ಮಾಡೋಕೆ ಕ್ಲ್ಯಾಂಗ್ ಕಂಪೈಲರಲ್ಲಿ ಬಿಲ್ಟಿನ್ ಡೀಬಗ್‌ಟ್ರ್ಯಾಪ್ ಇದೆ, ವಿಷುಯಲ್ ಸ್ಟುಡಿಯೋದಲ್ಲಿ ಡೀಬಗ್‌ಬ್ರೇಕ್, ಜಿಸಿಸಿ ಕಂಪೈಲರ್ ಆದ್ರೆ ಎಕ್ಸ್86 ಪ್ರೊಸೆಸರ್‌ಗೆ ಇನ್‌ಲೈನ್ ಅಸೆಂಬ್ಲಿಯಲ್ಲಿ ಇಂಟ್3. ರೈಸ್ ಕರೆದು ಸಿಗ್‌ಟ್ರ್ಯಾಪ್ ಕಳಿಸ್ಬೇಡಿ, ಮತ್ತೆ ಲಿಬ್‌ಸಿ ಒಳಗೇ ನಿಲ್ಲುತ್ತೆ. ಬಿಲ್ಟಿನ್ ಟ್ರ್ಯಾಪೂ ಬೇಡ. ಅದು ವಾಪಸ್ ಬರಲ್ಲ ಅಂತ ಕಂಪೈಲರ್ ನಂಬಿರುತ್ತೆ, ಕಂಟಿನ್ಯೂ ಕೊಡೋಕಾಗಲ್ಲ, ಆಪ್ಟಿಮೈಸ್ ಮಾಡಿದ ಬಿಲ್ಡಲ್ಲಿ ನಾಲ್ಕು ಟ್ರ್ಯಾಪ್ ಸೇರಿ ಒಂದೇ ಆಗ್ಬಿಟ್ಟು ಯಾವ ಚೆಕ್ ಫೇಲ್ ಆಯ್ತು ಅಂತಾನೇ ಗೊತ್ತಾಗ್ದೆ ಹೋಗ್ಬಹುದು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್, ಇಂಟ್3 ಹಾಕ್ದೆ, ಈಗ ನನ್ನ ಫಂಕ್ಷನಲ್ಲೇ ನಿಲ್ತಿದೆ. ಆದ್ರೆ ಕೆಲವು ಕಡೆ ಬಾಣದ ಗುರುತು ಮುಂದಿನ ಲೈನ್ ತೋರಿಸ್ತಿದೆ. ಇನ್ನೊಂದು, ಟೀಮಲ್ಲಿ ಮ್ಯಾಕ್ರೋ ಬೇಡ್ವೇ ಬೇಡ ಅಂತಿದ್ದಾರೆ, ಫಂಕ್ಷನ್ ಇಟ್ಕೊಂಡೇ ಮಾಡೋಕಾಗುತ್ತಾ?

ಉತ್ತರ 2

ಇಂಟ್3 ಒಂದೇ ಬೈಟು, ನಿಲ್ಲೋ ಹೊತ್ತಿಗೆ ಪ್ರೊಸೆಸರ್ ಅದನ್ನ ದಾಟಿ ಮುಂದಿನ ಇನ್‌ಸ್ಟ್ರಕ್ಷನ್ ತೋರಿಸ್ತಿರುತ್ತೆ. ಇಂಟ್3 ಆದ್ಮೇಲೇ ಅದೇ ಅಸೆಂಬ್ಲಿ ಸಾಲಲ್ಲಿ ಒಂದು ನಾಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ಸೇರಿಸಿ, ಸರಿಹೋಗುತ್ತೆ.

ಮ್ಯಾಕ್ರೋ ಬೇಡ ಅಂದ್ರೆ, ಕ್ಲ್ಯಾಂಗಲ್ಲಿ ಆ ಫಂಕ್ಷನ್‌ಗೆ ಆಲ್ವೇಸ್ ಇನ್‌ಲೈನ್ (ಕರೆದ ಜಾಗದಲ್ಲೇ ಕೋಡ್ ಸೇರಿಸೋದು) ಜೊತೆ ನೋ-ಡೀಬಗ್ (ಡೀಬಗ್ ಮಾಹಿತಿ ಬೇಡ ಅನ್ನೋದು) ಆಟ್ರಿಬ್ಯೂಟ್ ಕೊಡಿ. ಒಳಗಿನ ಕೋಡಿಗೆ ಸ್ವಂತ ಲೈನ್ ನಂಬರೇ ಇರಲ್ಲ, ಇನ್‌ಲೈನ್ ಆದಾಗ ಕರೆದ ಲೈನಿನ ನಂಬರನ್ನೇ ತಗೊಳ್ಳುತ್ತೆ. ಆದ್ರೆ ಟ್ರ್ಯಾಪ್ ಆ ಫಂಕ್ಷನ್ ಒಳಗೇ ನೇರವಾಗಿ ಇರ್ಬೇಕು, ಇನ್ನೊಂದು ಫಂಕ್ಷನ್ ಕರೆದು ಅದರೊಳಗೆ ಟ್ರ್ಯಾಪ್ ಇಟ್ರೆ ಮತ್ತೆ ಮೊದಲಿನ ಕಥೆನೇ.

ಉತ್ತರ 3

ಕೋಡ್ ಮುಟ್ಟದೇನೂ ಆಗುತ್ತೆ. ಎಲ್‌ಎಲ್‌ಡಿಬಿ ಅನ್ನೋ ಇನ್ನೊಂದು ಡೀಬಗರಲ್ಲಿ ಸ್ಟ್ಯಾಂಡರ್ಡ್ ಅಸರ್ಟ್ ಫೇಲ್ ಆದ್ರೆ ಅದೇ ಗುರುತಿಸಿ ಕರೆದ ಫ್ರೇಮ್ (ಕರೆದ ಫಂಕ್ಷನ್ ಇರೋ ಹಂತ) ತೋರಿಸುತ್ತೆ. ಜಿಡಿಬಿಯಲ್ಲಿ ಪೈಥಾನಿಂದ ಸ್ಟಾಪ್ ಇವೆಂಟ್ ಹಿಡ್ಕೊಂಡು, ಮೇಲಿನ ಫ್ರೇಮಿಂದ ಹಿಂದಕ್ಕೆ ಹೋಗ್ತಾ ಹೆಲ್ಪರ್ ಹೆಸರು ದಾಟಿದ ಮೇಲೆ ಸಿಗೋ ಮೊದಲ ಫ್ರೇಮನ್ನ ಸೆಲೆಕ್ಟ್ ಮಾಡಿ. ಹತ್ತು ಹದಿನೈದು ಲೈನ್ ಅಷ್ಟೇ, ಅಬಾರ್ಟ್ ಇದ್ದ ಹಾಗೇ ಇರ್ಲಿ. ಬೇರೆ ಭಾಷೆಗಳಲ್ಲಿ ನೋಡಿದ್ರೆ, ಡಾಟ್‌ನೆಟ್‌ನವರಿಗೆ ಇದಕ್ಕೇ ಡೀಬಗರ್ ಹಿಡನ್ ಅಂತ ಆಟ್ರಿಬ್ಯೂಟೇ ಇದೆ. ಗೋ ಭಾಷೆಯಲ್ಲಿ 1.9ರಿಂದ ಟಿ ಡಾಟ್ ಹೆಲ್ಪರ್ ಇದೆ, ಆದ್ರೆ ಅದು ಫೇಲ್ ಮೆಸೇಜಿನ ಲೈನ್ ನಂಬರ್ ಮಾತ್ರ ಸರಿ ಮಾಡೋದು, ಡೀಬಗರ್ ನಿಲ್ಲೋ ಜಾಗ ಅಲ್ಲ.

ಪ್ರಶ್ನೆ ಕೇಳಿದವರು

ನಾವು ಜಿಸಿಸಿಯಲ್ಲೇ ಇರೋದ್ರಿಂದ ಪೈಥಾನ್ ದಾರಿ ಹಿಡ್ದೆ. ಸ್ಕ್ರಿಪ್ಟ್ ರೆಪೋಗೇ ಹಾಕಿದೀನಿ, ನಮ್ಮ ಚೆಕ್ ಹೆಸರುಗಳ ಪಟ್ಟಿ ಅದರಲ್ಲೇ ಇದೆ, ಫೇಲ್ ಆದ ತಕ್ಷಣ ನನ್ನ ಲೋಕಲ್ ವೇರಿಯಬಲ್‌ಗಳೇ ಎದುರಿಗಿರ್ತವೆ.