ಪಾರ್ಶ್ವವಾಯುವಿನ ನಂತರ ಮಗ್ಗ: ಕೈಗೆ ಚಿಕಿತ್ಸೆಯೋ, ಹೊಟ್ಟೆಪಾಡೋ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 48 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯು ತಗುಲಿ ಎಡಗೈ ಸ್ವಾಧೀನ ತಪ್ಪಿತು. ಈಗ ಬೆರಳುಗಳನ್ನು ಮಡಚಬಲ್ಲೆ, ಆದರೆ ಹಿಡಿದ ವಸ್ತುವನ್ನು ಬಿಡುವುದು ಕಷ್ಟವಾಗುತ್ತದೆ. ಲೆಕ್ಕಪತ್ರದ ಕೆಲಸ ಕೈತಪ್ಪಿದೆ. ಅಜ್ಜಿ ಕಲಿಸಿದ್ದ ಕೈಮಗ್ಗದ ನೇಯ್ಗೆಗೆ ಮರಳಿದರೆ ಕೈಯೂ ಸುಧಾರಿಸಿ, ನಾಲ್ಕು ಕಾಸು ಸಂಪಾದನೆಯೂ ಆದೀತೇ? ಮನೆಯವರು ಇದನ್ನು ಕಾಲಹರಣ ಎನ್ನುತ್ತಾರೆ.

ಉತ್ತರ (ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳ ಮೂಲಕ ಚಿಕಿತ್ಸೆ ನೀಡುವವರು): ನಮಸ್ಕಾರ. ಕಾಲಹರಣವಂತೂ ಅಲ್ಲ, ನಮ್ಮ ವೃತ್ತಿಯ ಬೇರುಗಳೇ ಕರಕುಶಲದಲ್ಲಿವೆ. ಪಾರ್ಶ್ವವಾಯುವಿನ ನಂತರ ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ ಎಂಬುದು ನಿಜವಾದರೂ, ಅರ್ಥವುಳ್ಳ ಕೆಲಸವೊಂದನ್ನು ಮತ್ತೆ ಮತ್ತೆ ಮಾಡುತ್ತ ಹೋದರೆ ಆ ಬಳಿಕವೂ ಸುಧಾರಣೆ ಸಾಧ್ಯವಿದೆ.

ನಿಮ್ಮ ತೊಂದರೆ ಹಿಡಿಯುವುದರಲ್ಲಿಲ್ಲ, ಬಿಡುವುದರಲ್ಲಿದೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ತೆರೆದುಕೊಂಡ ಸಂದಿನಲ್ಲಿ ಬಲಗೈ ನೂಲು ತುಂಬಿದ ಲಾಳಿಯನ್ನು ತೂರಿಸುತ್ತದೆ, ಎಡಗೈ ಅದನ್ನು ಹಿಡಿದು ಮರಳಿ ಬಿಡಬೇಕಾಗುತ್ತದೆ; ಅಡ್ಡಕ್ಕೆ ಹಾಯುವ ಹೊಕ್ಕಿನ ಒಂದೊಂದು ಎಳೆಗೂ ಇದೇ ಅಭ್ಯಾಸ. ಆದ್ದರಿಂದ ಹಗ್ಗ ಎಳೆದು ಲಾಳಿ ಓಡಿಸುವ ಮಗ್ಗ ಸದ್ಯಕ್ಕೆ ಬೇಡ, ಏಕೆಂದರೆ ಅದರಲ್ಲಿ ಎಡಗೈ ಸುಮ್ಮನಿದ್ದುಬಿಡಬಹುದು. ಕೈಯಿಂದಲೇ ಲಾಳಿ ತೂರಿಸುವ, ಒಂದು ಗೇಣು ಅಗಲದ ಮೇಜಿನ ಮಗ್ಗ ಸಾಕು. ಮೊದಲು ಹತ್ತು ನಿಮಿಷ ನೇಯ್ದು ವಿಶ್ರಾಂತಿ ಪಡೆಯಿರಿ. ಬೆರಳುಗಳು ಬಿಗಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಹಟ ಹಿಡಿದಷ್ಟೂ ಆ ಬಿಗಿತ ಹೆಚ್ಚುತ್ತದೆ. ಭುಜದಲ್ಲಿ ನೋವಿದ್ದರೆ ಮಗ್ಗಕ್ಕೆ ಕೂರುವ ಮೊದಲು ನಿಮ್ಮ ಚಿಕಿತ್ಸಕರಿಗೆ ತೋರಿಸಲೇಬೇಕು. ಸ್ಪರ್ಶಜ್ಞಾನ ಕಡಿಮೆಯಿದ್ದರೆ ಕತ್ತರಿ, ಸೂಜಿಗಳು ಬಲಗೈಯ ಬದಿಯಲ್ಲೇ ಇರಲಿ.

ಸದಸ್ಯರೊಬ್ಬರು (ನೇಕಾರರು): ಒಂದು ಮಾತು ಸೇರಿಸುತ್ತೇನೆ. ಬಟ್ಟೆಯ ಅಂಚನ್ನು ಗಮನಿಸಿ. ನೂಲನ್ನು ಬಿಗಿಯಾಗಿ ಎಳೆದಾಗ ಅಂಚು ಒಳಗೆ ಸೆಳೆದುಕೊಂಡು ಬಟ್ಟೆ ನಡು ಸಣ್ಣಗಾದಂತೆ ಕಾಣುತ್ತದೆ. ಹೊಕ್ಕಿನ ಎಳೆಯನ್ನು ಸ್ವಲ್ಪ ಓರೆಯಾಗಿ, ಸಡಿಲವಾಗಿ ಬಿಟ್ಟು ಆಮೇಲೆ ಬಾಚಣಿಗೆಯಂಥ ಹಣಿಗೆಯಿಂದ ತಟ್ಟಿದರೆ ಅಂಚು ನೆಟ್ಟಗೆ ನಿಲ್ಲುತ್ತದೆ.

ಉತ್ತರ: ಧನ್ಯವಾದಗಳು, ಇದು ನಮಗೂ ಉಪಯುಕ್ತವಾದ ಮಾತು. ಆ ಅಂಚನ್ನು ನೋಡಿದರೆ ಕೈ ಎಲ್ಲಿ ದಣಿಯಿತು ಎಂಬುದೂ ತಿಳಿಯುತ್ತದೆ. ಬಟ್ಟೆಯ ಪಕ್ಕದಲ್ಲಿ ದಿನಕ್ಕೊಂದು ಬಣ್ಣದ ದಾರ ಕಟ್ಟಿಟ್ಟರೆ, ತಿಂಗಳ ಕೊನೆಯಲ್ಲಿ ಯಾವ ವರದಿಗೂ ಕಡಿಮೆಯಿಲ್ಲದ ದಾಖಲೆ ಕೈಯಲ್ಲಿರುತ್ತದೆ.

ಪ್ರಶ್ನೆ: ಹಾಗಾದರೆ ಸಂಪಾದನೆ? ಪರಿಚಿತರೊಬ್ಬರು ಈಗಲೇ ಇಪ್ಪತ್ತು ಮೇಜುಪಟ್ಟಿಗಳನ್ನು ಕೇಳಿದ್ದಾರೆ.

ಉತ್ತರ: ಇಪ್ಪತ್ತನ್ನೂ ಈಗಲೇ ಒಪ್ಪಿಕೊಳ್ಳಬೇಡಿ. ಬೇಡಿಕೆಯ ಗಡುವು ಬಂದೊಡನೆ ನೀವು ಸಹಜವಾಗಿಯೇ ಬಲಗೈಯಿಂದ ಎಲ್ಲವನ್ನೂ ಮುಗಿಸಲು ನೋಡುತ್ತೀರಿ; ಎಡಗೈ ಮತ್ತೆ ಮೂಲೆಗೆ ಸರಿಯುತ್ತದೆ. 1904ರಲ್ಲಿ ಅಮೆರಿಕದ ಮಾರ್ಬಲ್‌ಹೆಡ್‌ನಲ್ಲಿ ಹರ್ಬರ್ಟ್ ಹಾಲ್ ಎಂಬ ವೈದ್ಯರು ನರಗಳು ದಣಿದ ರೋಗಿಗಳಿಗಾಗಿ ಕುಂಬಾರಿಕೆಯ ಕಾರ್ಯಾಗಾರ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಚಿಕಿತ್ಸೆಯಿಂದ ಬೇರೆಯಾಗಿ ವ್ಯಾಪಾರದ ಉದ್ಯಮವಾಯಿತು. ಇದರರ್ಥ ಎರಡೂ ಎಂದಿಗೂ ಕೂಡುವುದಿಲ್ಲ ಎಂದಲ್ಲ. ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಬ್ರಿಟಿಷ್ ಸೈನಿಕರು 1918ರಲ್ಲಿ ಆರಂಭವಾದ ಕಸೂತಿ ಸಂಸ್ಥೆಯೊಂದರ ಮೂಲಕ ಮನೆಯಲ್ಲೇ ಕೆಲಸ ಮಾಡಿ ಸಂಪಾದಿಸಿದ್ದೂ ಉಂಟು.

ನನ್ನ ಸಲಹೆ ಇಷ್ಟು: ಬೆಳಗಿನ ಹೊತ್ತು ಕೈಗಾಗಿ ನೇಯಿರಿ, ಆ ಬಟ್ಟೆಯನ್ನು ಮಾರಬೇಡಿ. ಒಂದೇ ಅಳತೆಯ, ಒಂದೇ ವಿನ್ಯಾಸದ ಐದು ತುಂಡುಗಳು ಪಕ್ಕಪಕ್ಕದಲ್ಲಿಟ್ಟಾಗ ಒಂದರಂತೆ ಒಂದು ಕಾಣುವವರೆಗೂ ಯಾವುದನ್ನೂ ಮಾರಾಟಕ್ಕೆ ಕೊಡಬೇಡಿ. ಬಳಿಕ ಬೆಲೆ ಕಟ್ಟುವಾಗ ಹಾಸು ಹೂಡಲು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ತಗಲುವ ಸಮಯವನ್ನೂ ಸೇರಿಸಿ, ಅದನ್ನೂ ನಿಮ್ಮ ಕೈ ಚೆನ್ನಾಗಿದ್ದ ದಿನದಿಂದಲ್ಲ, ಬಿಗಿದುಕೊಂಡಿದ್ದ ದಿನದಿಂದ ಲೆಕ್ಕ ಹಾಕಿ. ಲೆಕ್ಕಪತ್ರ ಬಲ್ಲ ನಿಮಗೆ ಈ ಭಾಗವನ್ನು ನಾನು ಹೇಳಿಕೊಡಬೇಕಿಲ್ಲ. ಆ ಪರಿಚಿತರಿಗೆ ಸದ್ಯಕ್ಕೆ ಎರಡು ಮೇಜುಪಟ್ಟಿಗಳನ್ನು, ದಿನಾಂಕ ಹೇಳದೆ ಒಪ್ಪಿಕೊಳ್ಳಬಹುದು.