ಬೈಕನೂರಿನಿಂದ 51.6 ಡಿಗ್ರಿಗೇ ಯಾಕೆ ಹಾರಿಸ್ತಾರೆ?

ಗೌರಿಬಿದನೂರು_ಹುಡುಗ: ರಷ್ಯಾ ರಾಕೆಟ್ ಹಾರಿಸೋ ಬೈಕನೂರು ತಾಣ ಇರೋದು ಸುಮಾರು 46 ಡಿಗ್ರಿ ಅಕ್ಷಾಂಶದಲ್ಲಿ. ಆದರೆ ಗಗನಯಾತ್ರಿಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯೋ ಸೊಯುಜ್ ನೌಕೆಯ ಕಕ್ಷೆಯ ಓರೆ (ಸಮಭಾಜಕಕ್ಕೆ ಕಕ್ಷೆ ಮಾಡೋ ಕೋನ) 51.6. ನೇರ ಪೂರ್ವಕ್ಕೆ ಬಿಟ್ಟರೆ ಇಂಧನ ಉಳಿಯಲ್ವಾ? ಜಿಲ್ಲಾ ವಿಜ್ಞಾನ ಮೇಳದ ಚಾರ್ಟ್‌ಗೆ ಬೇಕು.

ಕಕ್ಷೆ_ಲೆಕ್ಕ: ಉಳಿಯುತ್ತೆ, ಆದರೆ ಖಾಲಿಯಾದ ಹಂತಗಳು ಚೀನಾದ ನೆಲಕ್ಕೆ ಬೀಳುತ್ತವೆ. ಅದಕ್ಕೇ ಈಶಾನ್ಯಕ್ಕೆ ತಿರುಗಿಸ್ತಾರೆ. ಭೂಮಿ ತಿರುಗೋದರಿಂದ ಸಿಗೋ ವೇಗಕ್ಕೆ 465ನ್ನು (ಸಮಭಾಜಕದಲ್ಲಿ ಭೂಮಿ ತಿರುಗೋ ವೇಗ, ಸೆಕೆಂಡಿಗೆ ಮೀಟರ್‌ನಲ್ಲಿ) ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ. ಬೈಕನೂರಿಗೆ ಸೆಕೆಂಡಿಗೆ 323 ಮೀಟರ್, ರಷ್ಯಾದ ಉತ್ತರದ ಉಡಾವಣಾ ತಾಣ ಪ್ಲೆಸೆಟ್ಸ್ಕ್‌ಗೆ (62.9 ಡಿಗ್ರಿ) ಬರೀ 212. ಶ್ರೀಹರಿಕೋಟಕ್ಕೆ 452, ನಿಮ್ಮ ಗೌರಿಬಿದನೂರೂ ಹೆಚ್ಚೂಕಡಿಮೆ ಅದೇ ಅಕ್ಷಾಂಶ, ಚಾರ್ಟ್‌ನಲ್ಲಿ ಹಾಕಿ! ಪ್ಲೆಸೆಟ್ಸ್ಕ್‌ಗೆ ಇದು ದೊಡ್ಡ ನಷ್ಟವಲ್ಲ, ಅಲ್ಲಿಂದ ಹೆಚ್ಚಾಗಿ ಹೋಗೋ ಧ್ರುವೀಯ ಕಕ್ಷೆಗೆ (ಧ್ರುವಗಳ ಮೇಲೆ ಹಾಯೋದು) ಈ ತಳ್ಳು ಬೇಕಾಗಿಯೇ ಇಲ್ಲ.

ಚಿಂತಾಮಣಿ_ಮೇಷ್ಟ್ರು: ಬೈಕನೂರು ಕಜಕಸ್ತಾನದ್ದು, ರಷ್ಯಾ ವರ್ಷಕ್ಕೆ 11.5 ಕೋಟಿ ಡಾಲರ್ ಬಾಡಿಗೆ ಕಟ್ಟುತ್ತೆ, ಗುತ್ತಿಗೆ 2050ರವರೆಗೆ. ಸ್ವಂತ ನೆಲ ಬೇಕಂತಲೇ ರಷ್ಯಾದ ಪೂರ್ವದಲ್ಲಿ ವೊಸ್ತೋಚ್ನಿ ಅನ್ನೋ ಹೊಸ ಉಡಾವಣಾ ತಾಣ ಕಟ್ಟಿದ್ದು. ಮೊದಲ ಉಡಾವಣೆ 2016ರ ಏಪ್ರಿಲ್ 28.

ಕಕ್ಷೆ_ಲೆಕ್ಕ: ಮೇಷ್ಟ್ರೇ, ಎರಡನೇದನ್ನೂ ಹೇಳಿ. 2017ರ ನವೆಂಬರ್ 28ರಂದು ರಾಕೆಟ್ ಸರಿಯಾಗೇ ಕೆಲಸ ಮಾಡಿತು. ಕೈಕೊಟ್ಟಿದ್ದು ಮೇಲಿನ ಫ್ರೆಗಾಟ್ ಹಂತದ ಸಾಫ್ಟ್‌ವೇರ್. ಹೊಸ ಉಡಾವಣಾ ತಾಣದ ದಿಕ್ಕಿನ ಕೋನಕ್ಕೆ ಹಳೇ ಲೆಕ್ಕ ಹೊಂದಲಿಲ್ಲ. ತಪ್ಪು ದಿಕ್ಕಿಗೆ ತಿರುಗಿ ಎಂಜಿನ್ ಹೊತ್ತಿಸಿ, 19 ಉಪಗ್ರಹಗಳ ಸಮೇತ ಅಟ್ಲಾಂಟಿಕ್‌ಗೆ ಬಿತ್ತು.

ಗೌರಿಬಿದನೂರು_ಹುಡುಗ: ಬೈಕನೂರಿನಲ್ಲಿ ಗಗಾರಿನ್ ಹಾರಿದ ಜಾಗ ಈಗಲೂ ಬಳಕೆಯಲ್ಲಿದೆಯಾ ಸಾರ್?

ಚಿಂತಾಮಣಿ_ಮೇಷ್ಟ್ರು: ಇಲ್ಲಪ್ಪ. ಅಲ್ಲಿಂದ ಕೊನೇದು 2019ರ ಸೆಪ್ಟೆಂಬರ್. ಆಮೇಲೆ ಗಗನಯಾತ್ರಿಗಳು ಸೊಯುಜ್‌ನಲ್ಲಿ ಹೊರಟಿದ್ದೆಲ್ಲ ಬೈಕನೂರಿನದೇ 31ನೇ ತಾಣದಿಂದ.